ಶುಗರ್ ಗ್ಲೈಡರ್ ಕಚ್ಚುತ್ತಿದೆಯೇ? ಲಕ್ಷಣ ನೋಡಿ ಕಾರಣ ಹುಡುಕುವ ಕ್ರಮ

ಸಾಕಿದ ಶುಗರ್ ಗ್ಲೈಡರ್ ಕಚ್ಚತೊಡಗಿದಾಗ ಅದನ್ನು ಬಿಡಿಸುವುದು ಹೇಗೆಂದೇ ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕಿಂತ ಮುಂಚೆ ತಿಳಿಯಬೇಕಾದದ್ದು ಬೇರೆಯೇ ಇದೆ: ಅದು ಯಾವ ಹೊತ್ತಿನಲ್ಲಿ, ಎಲ್ಲಿ, ಯಾರನ್ನು, ಎಷ್ಟು ಬಿಗಿಯಾಗಿ ಕಚ್ಚಿತು, ಕಚ್ಚುವ ಮುನ್ನ ಏನು ಮಾಡಿತು? ಇಷ್ಟನ್ನು ಗಮನಿಸಿದರೆ ಕಾರಣ ಅರ್ಧಕ್ಕರ್ಧ ಹೊರಬಿದ್ದಂತೆಯೇ. ಕಚ್ಚುವುದು ಪ್ರಾಣಿಯ ಸ್ವಭಾವದೋಷವೆಂದು ತೀರ್ಮಾನಿಸಿದವರಿಗೆ ಹುಡುಕಲು ಏನೂ ಉಳಿಯುವುದಿಲ್ಲ; ಅದೊಂದು ಲಕ್ಷಣವೆಂದು ತಿಳಿದವರಿಗೆ ಮಾತ್ರ ದಾರಿ ಕಾಣುತ್ತದೆ.

ಈ ಪ್ರಾಣಿಯ ಮೈಕಟ್ಟನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಾಡುಗಳ ಈ ಮರವಾಸಿ, ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಗುಂಪಿಗೆ ಸೇರಿದ್ದು. ಬೆಳೆದ ಗ್ಲೈಡರ್ ಸುಮಾರು 90ರಿಂದ 150 ಗ್ರಾಂ ತೂಗುತ್ತದೆ. ಕೆಳದವಡೆಯ ಎರಡು ಬಾಚಿಹಲ್ಲುಗಳು ಉದ್ದವಾಗಿ, ಚಿಕ್ಕ ಉಳಿಗಳಂತೆ ಮುಂದಕ್ಕೆ ಚಾಚಿಕೊಂಡಿರುತ್ತವೆ. ಕಾಡಿನಲ್ಲಿ ಅಕೇಶಿಯ ಮತ್ತು ನೀಲಗಿರಿ ಮರಗಳ ತೊಗಟೆಯನ್ನು ಕೆರೆದು ಗೋಂದು ಮತ್ತು ರಸವನ್ನು ನೆಕ್ಕುವುದಕ್ಕಾಗಿ ಇರುವ ಹಲ್ಲುಗಳಿವು. ತೊಗಟೆಯನ್ನು ಸೀಳಬಲ್ಲ ಹಲ್ಲಿಗೆ ಬೆರಳಿನ ಚರ್ಮ ಲೆಕ್ಕಕ್ಕಿಲ್ಲ. ಇಲಿಯ ಹಲ್ಲಿನಂತೆ ಇವು ಜೀವನಪೂರ್ತಿ ಬೆಳೆಯುವುದೂ ಇಲ್ಲ. ಹಾಗಾಗಿ ಕಚ್ಚುವುದನ್ನು ತಪ್ಪಿಸಲೆಂದು ಹಲ್ಲಿನ ತುದಿ ಕತ್ತರಿಸುವುದು ನೋವಿಗೂ ಸೋಂಕಿಗೂ ಬಾಗಿಲು ತೆರೆದಂತೆ; ಯಾರು ಸಲಹೆ ಕೊಟ್ಟರೂ ಅದನ್ನು ಮಾಡಬಾರದು.

ಕಚ್ಚಿದ ಕ್ಷಣದಲ್ಲಿ

ಕೈಯನ್ನು ಥಟ್ಟನೆ ಎಳೆದುಕೊಳ್ಳಬೇಡಿ. ಎಳೆದರೆ ಚುಚ್ಚಿದ ಹಲ್ಲು ಚರ್ಮವನ್ನು ಹರಿಯುತ್ತದೆ. ಅಲ್ಲದೆ ಕಚ್ಚಿದರೆ ಕೈ ಮಾಯವಾಗುತ್ತದೆಂಬ ಪಾಠವನ್ನು ಗ್ಲೈಡರ್ ಒಂದೇ ಸಲಕ್ಕೆ ಕಲಿಯುತ್ತದೆ. ಕೈ ಕೊಡವಿದರಂತೂ ಅಷ್ಟು ಹಗುರವಾದ ಪ್ರಾಣಿ ಗೋಡೆಗೆ ಅಪ್ಪಳಿಸಿ ಸಾಯಬಹುದು. ಕೈಯನ್ನು ಅಲುಗಿಸದೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮೆತ್ತನೆಯ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ಕತ್ತಲಾದಂತೆ ಮಾಡಿದರೆ ಹೆಚ್ಚಿನವು ತಾವಾಗಿಯೇ ಬಿಡುತ್ತವೆ. ಹೊಡೆಯುವುದು, ಮೂಗಿನ ಮೇಲೆ ಬೆರಳಿನಿಂದ ಚಿಮ್ಮುವುದು, ಮುಖಕ್ಕೆ ಜೋರಾಗಿ ಊದುವುದು ಇವೆಲ್ಲ ಮುಂದಿನ ಕಡಿತಕ್ಕೆ ಮುಂಗಡ ಕೊಟ್ಟಂತೆ.

ರಕ್ತ ಬಂದಿದ್ದರೆ ಹರಿಯುವ ನೀರು ಮತ್ತು ಸೋಪಿನಿಂದ ಗಾಯವನ್ನು 15 ನಿಮಿಷ ತೊಳೆಯಿರಿ. ಬೆರಳಿನ ಗೆಣ್ಣಿನ ಮೇಲಾಗಲಿ, ಮುಖದ ಮೇಲಾಗಲಿ ಆದ ಕಡಿತ, ಆಳವಾಗಿ ಚುಚ್ಚಿದ ಗಾಯ, ಮರುದಿನ ಹೆಚ್ಚುವ ಕೆಂಪು, ಬಾವು, ಬಿಸಿ, ಕೀವು ಅಥವಾ ಜ್ವರ ಕಂಡರೆ ವೈದ್ಯರ ಬಳಿ ಹೋಗಬೇಕು. ಮಧುಮೇಹ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮತ್ತು ಚಿಕ್ಕ ಮಕ್ಕಳು ಕಾಯದೆ ಹೋಗುವುದು ಒಳ್ಳೆಯದು. ಧನುರ್ವಾಯು ಲಸಿಕೆ ಬೇಕೇ, ರೇಬೀಸ್ ವಿಚಾರ ಏನು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಪ್ರಾಣಿ ಎಲ್ಲಿಂದ ಬಂತು, ಬಾವಲಿ ಅಥವಾ ಹೊರಗಿನ ಪ್ರಾಣಿಗಳ ಸಂಪರ್ಕಕ್ಕೆ ಬಂದಿತ್ತೇ ಎಂಬುದನ್ನು ಅವರಿಗೆ ಮುಚ್ಚಿಡದೆ ಹೇಳಿ.

ಇದಾದ ಮೇಲೆ ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ. "ರಾತ್ರಿ 8:40, ಪಂಜರದ ಒಳಗೆ, ಬಟ್ಟಲು ತೆಗೆಯುವಾಗ, ಎಡಗೈ ತೋರುಬೆರಳು, ಮೊದಲು ಸದ್ದು ಮಾಡಿತು, ರಕ್ತ ಬರಲಿಲ್ಲ" ಎನ್ನುವಷ್ಟು ಸಾಕು. ಹತ್ತು ದಿನ ಹೀಗೆ ಬರೆದವರಿಗೆ ಈ ಬರಹದ ಅರ್ಧ ಭಾಗ ಬೇಕಾಗಲಿಕ್ಕಿಲ್ಲ.

ಲಕ್ಷಣ: ಬೆರಳನ್ನು ನೆಕ್ಕಿ, ಮೆಲ್ಲಗೆ ಹಲ್ಲು ಒತ್ತುತ್ತದೆ

ಇದು ಅತ್ಯಂತ ಸಾಮಾನ್ಯ ಮತ್ತು ಅತ್ಯಂತ ನಿರುಪದ್ರವಿ. ಗ್ಲೈಡರ್ ಶಾಂತವಾಗಿರುತ್ತದೆ, ಸದ್ದು ಮಾಡುವುದಿಲ್ಲ, ಕಿವಿಗಳು ಮುಂದಕ್ಕೆ ತಿರುಗಿರುತ್ತವೆ. ಮೊದಲು ನೆಕ್ಕಿ, ಆಮೇಲೆ ಉಗುರಿನ ಅಂಚಿನ ಚರ್ಮವನ್ನು ಕೆಳಹಲ್ಲುಗಳಿಂದ ಕೆರೆಯುತ್ತದೆ. ತೊಗಟೆಯ ಮೇಲೆ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡುತ್ತಿರುತ್ತದೆ, ಅಷ್ಟೆ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ: ವಾಸನೆಯಿಲ್ಲದ ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿ, ಮತ್ತೆ ಕೈ ಕೊಡಿ. ಹಣ್ಣು ಹೆಚ್ಚಿದ ಕೈ, ಬೆವರಿನ ಉಪ್ಪು, ಸಿಹಿ ಪರಿಮಳದ ಲೋಷನ್, ಇವು ಗ್ಲೈಡರ್‌ಗೆ ತಿನಿಸಿನ ವಾಸನೆಗಳೇ. ಕೈ ತೊಳೆದ ಮೇಲೆ ನಿಂತರೆ ದೋಷ ಕೈಯಲ್ಲಿತ್ತು ಎಂದಾಯಿತು. ನಿಲ್ಲದಿದ್ದರೆ ತಿನಿಸು ಕೊಡುವ ಬಗೆಯನ್ನು ನೋಡಿ. ಬೆರಳ ತುದಿಯಲ್ಲಿ ತಿನಿಸು ಹಿಡಿದು ತಂತಿಯ ಸಂದಿಯಿಂದ ತೂರಿಸಿ ಕೊಡುವ ಅಭ್ಯಾಸವಿದ್ದರೆ, ಆ ಸಂದಿಯಲ್ಲಿ ಬರುವ ಬೆರಳೆಲ್ಲವೂ ತಿನಿಸೆಂದು ಅದು ಭಾವಿಸುವುದರಲ್ಲಿ ತಪ್ಪೇನಿಲ್ಲ. ಇನ್ನು ಮುಂದೆ ಚಿಕ್ಕ ಚಮಚದಲ್ಲಿಯೋ ಬಿಚ್ಚಿದ ಅಂಗೈಯಲ್ಲಿಯೋ ಕೊಡಿ.

ಜೊತೆಗಾರನ ಮೈಯನ್ನು ಹಲ್ಲಿನಿಂದ ಬಾಚುವಂತೆ ನಿಮ್ಮ ಕೈಯನ್ನೂ ಬಾಚುವ ಗ್ಲೈಡರ್‌ಗಳುಂಟು. ಅದು ನಿಮ್ಮನ್ನು ತನ್ನ ಗುಂಪಿಗೆ ಸೇರಿಸಿಕೊಂಡಿರುವ ಗುರುತು. ಒತ್ತಡ ಹೆಚ್ಚಾದಾಗ ಕೈಯನ್ನು ಹಿಂದಕ್ಕೆಳೆಯದೆ, ಮೆಲ್ಲನೆ ಅದರ ಕಡೆಗೇ ಒಂದಿಷ್ಟು ತಳ್ಳಿ, ಬೇರೊಂದು ವಸ್ತುವಿನತ್ತ ಗಮನ ತಿರುಗಿಸಿದರೆ ಸಾಕು. ಉಗುರಿನ ಗೀರನ್ನು ಕಡಿತವೆಂದು ತಿಳಿಯುವವರೂ ಇದ್ದಾರೆ. ಜೋಡಿ ಚುಕ್ಕೆ ಇದ್ದರೆ ಹಲ್ಲು, ಸಾಲು ಗೀರುಗಳಿದ್ದರೆ ಉಗುರು ಎಂದು ಸ್ಥೂಲವಾಗಿ ಹೇಳಬಹುದು. ಬೆಳೆದ ಉಗುರು ಬಟ್ಟೆಯ ಎಳೆಗೆ ಸಿಕ್ಕಿಕೊಂಡಾಗ ಗ್ಲೈಡರ್ ಗಾಬರಿಯಿಂದ ನಿಜವಾಗಿಯೂ ಕಚ್ಚುತ್ತದೆ. ಆದ್ದರಿಂದ ಉಗುರಿನ ಚೂಪು ತುದಿಯನ್ನಷ್ಟೇ, ಒಳಗಿನ ರಕ್ತನಾಳಕ್ಕೆ ತಾಗದಂತೆ, ಆಗಾಗ ಕತ್ತರಿಸಬೇಕು.

ಲಕ್ಷಣ: ಕೈ ಹತ್ತಿರ ಬಂದರೆ ಕರಕರ ಸದ್ದು, ನಂತರ ಎಗರಿ ಕಚ್ಚುವುದು

ಹಗಲು ಎರಡು ಗಂಟೆಯ ಹೊತ್ತು. ಮಲಗುವ ಚೀಲದೊಳಗೆ ಗ್ಲೈಡರ್ ಬಾಲವನ್ನು ಮೈಗೆ ಸುತ್ತಿಕೊಂಡು ಗಾಢನಿದ್ರೆಯಲ್ಲಿದೆ. ಚೀಲದ ಬಾಯಿ ತೆರೆಯುತ್ತದೆ, ಬೆಳಕು ನುಗ್ಗುತ್ತದೆ, ಮೇಲಿನಿಂದ ಐದು ಬೆರಳುಗಳು ಇಳಿಯುತ್ತವೆ. ಅದರ ಪೂರ್ವಿಕರನ್ನು ಮೇಲಿನಿಂದಲೇ ಎತ್ತಿಕೊಂಡು ಹೋದದ್ದು ಗೂಬೆ. ಗ್ಲೈಡರ್ ಅಂಗಾತ ಹೊರಳಿ, ಮುಂಗಾಲುಗಳನ್ನು ಎತ್ತಿ, ಕೆಟ್ಟುಹೋದ ಸಣ್ಣ ಯಂತ್ರದಂತೆ ಏರಿಳಿಯುವ ಸದ್ದು ಹೊರಡಿಸುತ್ತದೆ. ಸಾಕುವವರು ಇದನ್ನು ಕ್ರ್ಯಾಬಿಂಗ್ ಎನ್ನುತ್ತಾರೆ. ಇದು ಕೋಪವಲ್ಲ, ಭಯ. ಈ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದುವರಿದ ಕೈಗೆ ಬೀಳುವ ಕಡಿತವನ್ನು ನಾನಂತೂ ಗ್ಲೈಡರ್‌ನ ತಪ್ಪೆನ್ನಲಾರೆ.

ಮೊದಲು ಹೊತ್ತನ್ನು ಬದಲಿಸಿ ನೋಡಿ. ಇದು ನಿಶಾಚರಿ. ಹಗಲು ಎಬ್ಬಿಸುವುದನ್ನು ಬಿಟ್ಟು, ಸಂಜೆ ಅದು ತಾನಾಗಿಯೇ ಹೊರಬಂದ ಮೇಲೆ, ಮಂದ ಬೆಳಕಿನಲ್ಲಿ ಹತ್ತಿರ ಹೋದಾಗ ಕಚ್ಚುವುದು ನಿಂತರೆ ಬೇರೇನನ್ನೂ ಹುಡುಕಬೇಕಿಲ್ಲ. ನಿಲ್ಲದಿದ್ದರೆ ಕೈ ಬರುವ ದಿಕ್ಕನ್ನು ಬದಲಿಸಿ: ಮೇಲಿನಿಂದ ಬೇಡ, ಎದುರಿನಿಂದಲೋ ಪಕ್ಕದಿಂದಲೋ, ಅದರ ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಬೆರಳು ಮಡಚಿ ಅಥವಾ ಅಂಗೈ ಬಿಚ್ಚಿ ಬರಲಿ. ಬರುವ ಮುನ್ನ ಮೆಲುದನಿಯಲ್ಲಿ ಮಾತನಾಡಿ. ಬಾಲ ಹಿಡಿದು ಎತ್ತುವುದು, ಮುಷ್ಟಿಯಲ್ಲಿ ಬಿಗಿಯುವುದು, ಮುಂಗಾಲಿನಿಂದ ಹಿಂಗಾಲಿನವರೆಗೆ ಹಬ್ಬಿರುವ ಹಾರುಪೊರೆಯನ್ನು ಎಳೆಯುವುದು ಎಂದಿಗೂ ಕೂಡದು. ಕೆಳಗಿನಿಂದ ಎರಡೂ ಕೈಗಳ ಆಸರೆ ಕೊಟ್ಟು ಎತ್ತಬೇಕು.

ಮೂರನೆಯದು ವಾಸನೆ, ಮತ್ತು ಇದಕ್ಕೆ ತಾಳ್ಮೆ ಬೇಕು. ಗ್ಲೈಡರ್‌ಗಳು ಒಂದನ್ನೊಂದು ಗುರುತಿಸುವುದು ವಾಸನೆಯಿಂದ. ಗುಂಪಿನ ವಾಸನೆ ಇಲ್ಲದ್ದು ಪರಕೀಯ. ನೀವು ಉಟ್ಟ ಮೆತ್ತನೆಯ ಬಟ್ಟೆಯ ತುಂಡೊಂದನ್ನು, ಎಳೆ ಬಿಚ್ಚದಂಥದ್ದನ್ನು, ಅದು ಮಲಗುವ ಚೀಲದಲ್ಲಿಡಿ. ಎರಡು ಮೂರು ದಿನಕ್ಕೊಮ್ಮೆ ಅದನ್ನು ಬದಲಿಸಿ. ಇದೇ ದಿನಗಳಲ್ಲಿ, ಗ್ಲೈಡರ್ ಒಳಗಿರುವ ಚೀಲವನ್ನೇ ಮೈಗೆ ತಾಗುವಂತೆ ಧರಿಸಿ, ಹಗಲಿನಲ್ಲಿ ಒಂದೆರಡು ಗಂಟೆ ನಿಮ್ಮ ಕೆಲಸ ಮಾಡಿಕೊಂಡಿರಿ. ಒಳಗೆ ಕೈ ಹಾಕಬೇಡಿ, ಅದು ಮಲಗಿರಲಿ. ನಿಮ್ಮ ಮೈಯ ಬಿಸಿ, ದನಿ, ವಾಸನೆ ಮೂರೂ ಅದರ ನಿದ್ದೆಯೊಡನೆ ಬೆರೆಯುತ್ತವೆ. ಕೆಲವು ವಾರದೊಳಗೆ ಹೊಂದಿಕೊಳ್ಳುತ್ತವೆ, ಇನ್ನು ಕೆಲವು ಆರು ತಿಂಗಳು ತೆಗೆದುಕೊಳ್ಳುತ್ತವೆ. ಹಿಂದಿನ ಮನೆಯಲ್ಲಿ ಒರಟು ಕೈಗಳನ್ನು ಕಂಡವು ಇನ್ನೂ ತಡವಾಗಬಹುದು.

ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಲು ಹೇಳುವವರಿದ್ದಾರೆ. ತುರ್ತಿನಲ್ಲಿ ಹಿಡಿಯಲು ಅದು ಆದೀತು, ಆದರೆ ಪಳಗಿಸಲು ಬೇಡ. ಗವಸಿನೊಳಗಿನ ಬೆರಳಿಗೆ ತನ್ನ ಹಿಡಿತ ಎಷ್ಟು ಬಿಗಿಯೆಂದು ತಿಳಿಯುವುದಿಲ್ಲ, ಪ್ರಾಣಿಗೆ ನಿಮ್ಮ ವಾಸನೆಯೂ ಸಿಗುವುದಿಲ್ಲ. ಮೆತ್ತನೆಯ ಉಣ್ಣೆಯಂಥ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಆರಂಭಿಸಿ, ದಿನೇ ದಿನೇ ಅದನ್ನು ಹಿಂದಕ್ಕೆ ಸರಿಸುವುದು ಮೇಲು.

ಮರಿಯ ವಯಸ್ಸನ್ನೂ ಕೇಳಿ ತಿಳಿಯಿರಿ. ಗರ್ಭದಲ್ಲಿ ಹದಿನಾರು ದಿನಗಳಷ್ಟೇ ಕಳೆದು, ತಾಯಿಯ ಹೊಟ್ಟೆಚೀಲದಲ್ಲಿ ಸುಮಾರು 70 ದಿನ ಬೆಳೆದು ಹೊರಬರುವ ಮರಿ, ಹುಟ್ಟಿ ನಾಲ್ಕು ತಿಂಗಳಾಗುವವರೆಗೂ ಹಾಲು ಬಿಡುವುದಿಲ್ಲ. ಅದಕ್ಕೆ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮರಿ ಕಚ್ಚಿದರೆ ಅದು ಪಳಗಿಸುವ ಪ್ರಶ್ನೆಯಲ್ಲ, ಬದುಕಿಸುವ ಪ್ರಶ್ನೆ. ಅಂಥ ಮರಿಯನ್ನು ಕೂಡಲೇ ಪಶುವೈದ್ಯರಿಗೆ ತೋರಿಸಿ.

ಲಕ್ಷಣ: ಪಂಜರದ ಒಳಗೆ ಕಚ್ಚುತ್ತದೆ, ಹೊರಗೆ ಬಂದರೆ ಸಾಧು

ಇದು ಜಾಗ ಕಾಯುವ ಕಡಿತ. ಒಳಗೆ ಕೈ ಹಾಕಿ ತಿನಿಸಿನ ಬಟ್ಟಲನ್ನೋ ಚೀಲವನ್ನೋ ಮುಟ್ಟಿದಾಗ ಎಗರಿ ಬರುವ ಗ್ಲೈಡರ್, ಅರ್ಧ ಗಂಟೆಯ ನಂತರ ಹೆಗಲ ಮೇಲೆ ಶಾಂತವಾಗಿ ಕುಳಿತಿರುತ್ತದೆ. ಶುಚಿ ಮಾಡುವ ಹೊತ್ತನ್ನು ಅದು ಹೊರಗಿರುವ ಸಮಯಕ್ಕೆ ಬದಲಿಸುವುದು ಇದಕ್ಕೆ ಅಗ್ಗದ ಪರಿಹಾರ. ಪಂಜರವನ್ನು ಒಂದೇ ದಿನ ಪೂರ್ತಿ ತೊಳೆದರೆ ಅದು ಬಳಿದಿಟ್ಟ ವಾಸನೆಯೆಲ್ಲ ಹೋಗಿ, ಮತ್ತೆ ಗುರುತು ಹಾಕುವ ಆತುರದಲ್ಲಿ ಇನ್ನಷ್ಟು ಕೆರಳುತ್ತದೆ. ತಟ್ಟೆಯನ್ನು ಒಂದು ದಿನ, ಚೀಲವನ್ನು ಇನ್ನೊಂದು ದಿನ ತೊಳೆಯಿರಿ.

ಗಂಡಾಗಿದ್ದು ಒಂದು ವರ್ಷದ ಆಸುಪಾಸಿನಲ್ಲಿದ್ದರೆ ಅದರ ನೆತ್ತಿಯನ್ನು ನೋಡಿ. ನಡುವೆ ಕೂದಲುದುರಿ ಬೋಳಾದ ಚುಕ್ಕೆ ಕಂಡರೆ ಅದು ಗಾಯವಲ್ಲ, ಪ್ರೌಢಾವಸ್ಥೆಗೆ ಬಂದ ಗಂಡಿನ ವಾಸನೆಯ ಗ್ರಂಥಿ. ಈ ವಯಸ್ಸಿನಲ್ಲಿ ಜಾಗದ ಮೇಲಿನ ಹಕ್ಕು ಬಲವಾಗುತ್ತದೆ, ಕಚ್ಚುವುದೂ ಹೆಚ್ಚಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ವಾಸನೆ ಬಳಿಯುವುದು ಮತ್ತು ಜಗಳ ಬಹಳಷ್ಟು ಕಡಿಮೆಯಾಗುತ್ತವೆ. ಆದರೆ ಭಯದಿಂದ ಕಚ್ಚುವ ಗ್ಲೈಡರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿ ಭಯ ಹೋಗಲಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ. ಕಾರಣ ಖಚಿತವಾದ ಮೇಲೆ, ಇಂಥ ಚಿಕ್ಕ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ಪಶುವೈದ್ಯರಿಂದಲೇ ಮಾಡಿಸಬೇಕು.

ಹೆಣ್ಣಾಗಿದ್ದರೆ ಹೊಟ್ಟೆಯತ್ತ ದೂರದಿಂದ ಕಣ್ಣು ಹಾಯಿಸಿ. ಚೀಲದಲ್ಲಿ ಕಡಲೆಕಾಯಿ ಗಾತ್ರದ ಉಬ್ಬು ಕಂಡರೆ ಒಳಗೆ ಮರಿ ಇದೆ. ಹೊಟ್ಟೆಚೀಲವನ್ನು ಬಿಡಿಸಿ ನೋಡುವ ಕುತೂಹಲ ಬೇಡ. ಹೆದರಿದ ತಾಯಿ ಮರಿಯನ್ನು ತೊರೆಯಬಹುದು, ಕೊಲ್ಲಲೂಬಹುದು. ಮರಿಗಳು ಸ್ವತಂತ್ರವಾಗುವವರೆಗೆ ಕೈ ಹಾಕುವುದನ್ನು ಕಡಿಮೆ ಮಾಡುವುದೇ ಇಲ್ಲಿ ಚಿಕಿತ್ಸೆ.

ಲಕ್ಷಣ: ಮನೆಯಲ್ಲಿ ಒಬ್ಬರನ್ನು ಮಾತ್ರ ಕಚ್ಚುತ್ತದೆ

ಆ ಒಬ್ಬರ ಸುಗಂಧದ್ರವ್ಯ, ತಂಬಾಕಿನ ವಾಸನೆ, ಬೆಕ್ಕು ನಾಯಿಗಳನ್ನು ಮುಟ್ಟಿದ ಕೈ, ಮತ್ತು ಕೈ ಚಾಚಿ ಅಂಜಿ ಹಿಂದೆಗೆಯುವ ಅಭ್ಯಾಸ, ಇಷ್ಟನ್ನು ಪರೀಕ್ಷಿಸಿ. ನನ್ನ ಅನಿಸಿಕೆಯಲ್ಲಿ ಕೊನೆಯದೇ ಹೆಚ್ಚಿನ ಸಲ ಕಾರಣ. ನಡುಗುವ ಬೆರಳು ಹುಳುವಿನಂತೆ ಚಲಿಸುತ್ತದೆ, ಹುಳು ಗ್ಲೈಡರ್‌ನ ಆಹಾರ. ಅವರು ಕೆಲವು ದಿನ ಕೈ ಚಾಚದೆ, ಬರೀ ಚಮಚದಲ್ಲಿ ತಿನಿಸು ಕೊಡಲಿ.

ಲಕ್ಷಣ: ವರ್ಷಗಳಿಂದ ಪಳಗಿದ್ದು ಹಠಾತ್ತನೆ ಕಚ್ಚಿತು

ಇಲ್ಲಿಂದ ಮುಂದೆ ಪಳಗಿಸುವ ಉಪಾಯಗಳು ಕೆಲಸಕ್ಕೆ ಬಾರವು. ಪಳಗಿದ ಪ್ರಾಣಿಯ ವರ್ತನೆ ಕಾರಣವಿಲ್ಲದೆ ಬದಲಾದರೆ, ಬೇರೆ ಕಾರಣ ಸಿಗುವವರೆಗೆ ಅದನ್ನು ನೋವೆಂದೇ ತಿಳಿಯಬೇಕು. ಬೇಟೆಗೆ ಬೀಳುವ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಅಡಗಿಸುತ್ತವೆ, ಕಡಿತವೇ ಎಷ್ಟೋ ಸಲ ಹೊರಬಂದ ಮೊದಲ ಸುದ್ದಿ.

ಮನೆಯಲ್ಲಿ ನೋಡಬಹುದಾದದ್ದು ಇಷ್ಟು. ಗ್ರಾಂ ಲೆಕ್ಕದ ಅಡುಗೆ ತಕ್ಕಡಿಯ ಮೇಲೆ ಚೀಲಸಮೇತ ತೂಗಿ, ಚೀಲದ ತೂಕ ಕಳೆಯಿರಿ. 100 ಗ್ರಾಂ ಪ್ರಾಣಿಯಲ್ಲಿ 10 ಗ್ರಾಂ ಇಳಿದರೆ ಹತ್ತನೆಯ ಒಂದು ಭಾಗ ಹೋಯಿತೆಂದೇ ಅರ್ಥ, ಅದು ಸಣ್ಣ ಮಾತಲ್ಲ. ತಿನಿಸು ಬಾಯಿಗಿಟ್ಟು ಬೀಳಿಸುತ್ತಿದೆಯೇ, ಜೊಲ್ಲು ಸುರಿಯುತ್ತಿದೆಯೇ, ಕೆನ್ನೆ ಅಥವಾ ಕಣ್ಣಿನ ಕೆಳಗೆ ಊದಿದೆಯೇ ಎಂದು ನೋಡಿ. ಇವು ಹಲ್ಲಿನ ಬೇರಿನ ಸೋಂಕಿನತ್ತ ಬೆರಳು ತೋರುತ್ತವೆ. ಹಿಂಗಾಲು ಎಳೆಯುತ್ತಿದ್ದರೆ, ನಡುಗುತ್ತಿದ್ದರೆ, ಏರುವಾಗ ಜಾರುತ್ತಿದ್ದರೆ, ಎತ್ತಿದಾಗ ಮಾತ್ರ ಕಚ್ಚಿದರೆ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಸವೆದಿರಬಹುದು. ಬರೀ ಹಣ್ಣು ಮತ್ತು ಹುಳುಗಳನ್ನು ತಿನ್ನಿಸಿದವರ ಮನೆಯಲ್ಲಿ ಇದು ಹೆಚ್ಚು, ಏಕೆಂದರೆ ಅವುಗಳಲ್ಲಿ ರಂಜಕಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ಕಡಿಮೆ. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಸುಮಾರು ಎರಡರಷ್ಟಿರಬೇಕು. ಆದರೆ ಲಕ್ಷಣ ಕಂಡ ಮೇಲೆ ಅಂದಾಜಿನಲ್ಲಿ ಪುಡಿ ಬೆರೆಸುತ್ತಾ ಕೂರುವುದು ಸರಿಯಲ್ಲ, ಎಕ್ಸ್‌ರೇ ಆಗಲೇಬೇಕು. ಮೂತ್ರ ಮಾಡುವಾಗ ತಿಣುಕಾಟ, ಕೂಗು ಅಥವಾ ರಕ್ತ ಕಂಡರೆ ಮೂತ್ರಕೋಶದ ತೊಂದರೆ. ಕಣ್ಣಿನಲ್ಲಿ ಬಿಳಿ ಪೊರೆ ಕಂಡರೆ ದೃಷ್ಟಿ ಮಂದವಾಗಿ, ಮುಟ್ಟಿದಾಗ ಬೆಚ್ಚಿ ಕಚ್ಚುತ್ತಿರಬಹುದು.

ಕೋಣೆಯ ತಾಪಮಾನವನ್ನೂ ನೋಡಿ. 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. ಚಳಿ ಮತ್ತು ಹಸಿವು ಕೂಡಿದಾಗ ಗ್ಲೈಡರ್ ಮೈ ತಣ್ಣಗಾಗಿ ಮಂಪರಿಗೆ ಜಾರುತ್ತದೆ. ಸಾಕಿದ ಪ್ರಾಣಿಯಲ್ಲಿ ಇದನ್ನು ಸಹಜವೆಂದು ಬಿಡಬಾರದು. ಬಿಸಿನೀರಿನ ಚೀಲದ ಮೇಲೆ ನೇರವಾಗಿ ಇಡದೆ, ನಿಮ್ಮ ಮೈಯ ಬಿಸಿಯಿಂದ ಮೆಲ್ಲಗೆ ಕಾಯಿಸುತ್ತಾ ಆಸ್ಪತ್ರೆಗೆ ಒಯ್ಯಿರಿ.

ಮನುಷ್ಯರ ನೋವಿನ ಮಾತ್ರೆಯ ಚೂರನ್ನೂ ಕೊಡಕೂಡದು. ಇಷ್ಟು ಚಿಕ್ಕ ದೇಹಕ್ಕೆ ಪ್ರಮಾಣ ಲೆಕ್ಕಹಾಕುವುದು ತಜ್ಞರ ಕೆಲಸ.

ಲಕ್ಷಣ: ಜೊತೆಗಾರನನ್ನು, ಅಥವಾ ತನ್ನನ್ನೇ ಕಚ್ಚಿಕೊಳ್ಳುತ್ತದೆ

ಜೊತೆಗಿರುವ ಎರಡು ಗ್ಲೈಡರ್‌ಗಳು ಅಟ್ಟಾಡಿಸಿಕೊಂಡು ಕಿರುಚುವುದು ಬೇರೆ, ಉಂಡೆಯಾಗಿ ಹೊರಳಿ ಕೂದಲು ಹಾರುವಂತೆ ಕಾದಾಡುವುದು ಬೇರೆ. ಎರಡನೆಯದಾದರೆ ನಡುವೆ ಬರಿಗೈ ಹಾಕದೆ ಟವೆಲ್ ಬೀಸಿ ಬೇರ್ಪಡಿಸಿ, ಬೇರೆ ಪಂಜರಗಳಲ್ಲಿಡಿ. ಹೊಸಬನನ್ನು ತರುವಾಗ ಮೊದಲು ಸುಮಾರು ಒಂದು ತಿಂಗಳು ಪ್ರತ್ಯೇಕವಾಗಿಟ್ಟು, ನಂತರ ಮಲಗುವ ಬಟ್ಟೆಗಳನ್ನು ಅದಲುಬದಲು ಮಾಡಿ, ಕೊನೆಗೆ ಯಾರಿಗೂ ಸೇರದ ಜಾಗದಲ್ಲಿ ಮುಖಾಮುಖಿ ಮಾಡಿಸಬೇಕು.

ಒಂಟಿಯಾಗಿ ಸಾಕುವುದಂತೂ ತಾನೇ ಒಂದು ಕಾರಣ. ಕಾಡಿನಲ್ಲಿ ಇವು ಗುಂಪಾಗಿ ಒಂದೇ ಪೊಟರೆಯಲ್ಲಿ ಒತ್ತಿಕೊಂಡು ಮಲಗುತ್ತವೆ. ಒಂಟಿ ಗ್ಲೈಡರ್ ಬಾಲದ ಬುಡವನ್ನೋ ಕಾಲನ್ನೋ ಎಡೆಬಿಡದೆ ನೆಕ್ಕಿ, ಕೂದಲು ಕಿತ್ತು, ಆಮೇಲೆ ಮಾಂಸವನ್ನೇ ಕಚ್ಚಿಕೊಳ್ಳುವ ಹಂತಕ್ಕೆ ಹೋಗಬಹುದು. ನೋವು, ಸೋಂಕು, ಶಸ್ತ್ರಚಿಕಿತ್ಸೆಯ ಹೊಲಿಗೆ ಕೂಡ ಇದಕ್ಕೆ ಕಾರಣವಾಗುತ್ತವೆ. ಗಂಡಿನ ಜನನಾಂಗ ಹೊರಬಂದು ಒಳಗೆ ಹೋಗದೆ ಒಣಗಿದಾಗ ಅದನ್ನೇ ಕಚ್ಚಿಕೊಳ್ಳುವುದೂ ಉಂಟು. ಕೂದಲು ತೆಳ್ಳಗಾದದ್ದು ಮಾತ್ರ ಕಂಡರೆ ಅಂದೇ ವೈದ್ಯರಿಗೆ ಕರೆ ಮಾಡಿ. ಹಸಿ ಗಾಯ ಕಂಡರೆ ಗಂಟೆಗಳ ಲೆಕ್ಕ, ರಾತ್ರಿಯಾದರೂ ಹೊರಡಿ. ಬೆಕ್ಕು ಕಚ್ಚಿದ ಗ್ಲೈಡರ್‌ಗೂ ಇದೇ ಮಾತು. ಗಾಯ ಸೂಜಿಮೊನೆಯಷ್ಟಿದ್ದರೂ ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಅದರ ಜೀವ ತೆಗೆಯಬಲ್ಲದು.

ಆಸ್ಪತ್ರೆಗೆ ಒಯ್ಯುವಾಗ

ಅದು ಮಲಗುವ ಚೀಲದಲ್ಲಿಯೇ, ಗಾಳಿಯಾಡುವ ಪೆಟ್ಟಿಗೆಯೊಳಗೆ ಒಯ್ಯಿರಿ. ಬರಿಗೈಯಲ್ಲಿ ಅಥವಾ ಜೇಬಿನಲ್ಲಿ ಬೇಡ. ಎರಡಿದ್ದರೆ, ಜಗಳವಾಡುತ್ತಿಲ್ಲವೆಂದಾದರೆ, ಎರಡನ್ನೂ ಒಟ್ಟಿಗೆ ಕರೆದೊಯ್ಯುವುದು ಒಳ್ಳೆಯದು. ನಾಯಿ ಬೆಕ್ಕುಗಳ ಚಿಕಿತ್ಸೆ ಮಾತ್ರ ಮಾಡುವ ಪಶುವೈದ್ಯರಿಗೆ ಈ ಪ್ರಾಣಿಯ ಪರಿಚಯ ಇರಲಿಕ್ಕಿಲ್ಲವಾದ್ದರಿಂದ, ಗ್ಲೈಡರ್‌ಗಳನ್ನು ನೋಡಿದ ಅನುಭವವಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ. ಕಚ್ಚುವ ತೊಂದರೆ ಇಲ್ಲದ ದಿನಗಳಲ್ಲಿಯೇ ಅಂಥವರನ್ನು ಹುಡುಕಿಟ್ಟುಕೊಂಡಿರುವುದು ಇನ್ನೂ ಮೇಲು. ಕಚ್ಚುವ ಗ್ಲೈಡರ್‌ನ ಬಾಯಿ ತೆರೆದು ನೋಡಲು ವೈದ್ಯರು ಸ್ವಲ್ಪ ಹೊತ್ತಿನ ಅನಿಲ ಅರಿವಳಿಕೆ ಬಳಸಬಹುದು; ಒತ್ತಿ ಹಿಡಿದು ಹೆದರಿಸುವುದಕ್ಕಿಂತ ಅದು ಕ್ಷೇಮ. ಎರಡು ಸಾಲುಗಳ ಆ ಟಿಪ್ಪಣಿ ಪುಸ್ತಕ, ತೂಕದ ಪಟ್ಟಿ ಮತ್ತು ಕಳೆದ ವಾರ ತಿನ್ನಿಸಿದ್ದರ ವಿವರ ಜೊತೆಗಿರಲಿ. ಪರೀಕ್ಷೆಯ ಮೇಜಿನ ಮೇಲೆ ಗ್ಲೈಡರ್ ಕಚ್ಚದೆ ಸುಮ್ಮನಿದ್ದರೂ, ಮನೆಯಲ್ಲಿ ಕಂಡದ್ದನ್ನು ಅವು ಹೇಳುತ್ತವೆ.